ರಾತ್ರಿ ಮೀನಖಂಡ ಸೆಳೆತಕ್ಕೆ ಮೆಗ್ನೀಸಿಯಂ: ನರ್ಸಿಂಗ್ ಓದುವವರಿಗೆ ಟಿಪ್ಪಣಿ

ಸ್ನಾಯು ಸಡಿಲವಾಗಲು ಮೆಗ್ನೀಸಿಯಂ ಬೇಕು, ತೀರಾ ಕೊರತೆಯಾದರೆ ಸೆಳೆತ ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕೊರತೆಯಿಲ್ಲದವರಿಗೆ ನಡುರಾತ್ರಿ ಕಾಲು ಹಿಡಿದುಕೊಂಡರೆ ಮಾತ್ರೆಯಿಂದ ಪ್ರಯೋಜನ ಇದೆಯೇ?

2017ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನ ನೋಡಿ. 94 ಜನ, 4 ವಾರ, ದಿನಾ ಮೆಗ್ನೀಸಿಯಂ ಆಕ್ಸೈಡ್ ಇಲ್ಲವೇ ಔಷಧವೇ ಇಲ್ಲದ ಹುಸಿ ಮಾತ್ರೆ. ಮೆಗ್ನೀಸಿಯಂ ತಗೊಂಡವರಿಗೆ ವಾರಕ್ಕೆ ಸರಾಸರಿ 7.84 ಸಲ ಬರುತ್ತಿದ್ದ ಸೆಳೆತ 4.44ಕ್ಕೆ ಇಳಿಯಿತು. ಹೆಚ್ಚುಕಮ್ಮಿ ಅರ್ಧ! ನನ್ನ ತಲೆ ಕೆಟ್ಟದ್ದು ಇಲ್ಲೇ. ಇಷ್ಟು ಇಳಿದ ಮೇಲೂ ‘ಪರಿಣಾಮವಿಲ್ಲ’ ಅಂತ ಆ ಅಧ್ಯಯನ ತೀರ್ಮಾನಿಸಿದ್ದು ಯಾಕೆ?

ಉತ್ತರ ಪಕ್ಕದ ಸಾಲಿನಲ್ಲಿದೆ. ಹುಸಿ ಮಾತ್ರೆಯವರದ್ದೂ 8.51ರಿಂದ 5.48ಕ್ಕೆ ಇಳಿದಿತ್ತು. ಒಂದು ಗುಂಪಿಗೆ 3.4, ಇನ್ನೊಂದಕ್ಕೆ 3.03. ಮಾತ್ರೆಯ ಲೆಕ್ಕಕ್ಕೆ ಬರುವುದು ಇವೆರಡರ ನಡುವಿನ ಚೂರು ಮಾತ್ರ, ಅದೂ ಆಕಸ್ಮಿಕವಾಗಿ ಬರಬಹುದಾದಷ್ಟು.

ಹುಸಿ ಮಾತ್ರೆಗೂ ಇಳಿದದ್ದು ಹೇಗೆ? ನಂಬಿಕೆಯ ಪಾಲು ಒಂದಿಷ್ಟಿರಬಹುದು. ಆದರೆ ಸೆಳೆತ ಏರಿಳಿಯುವ ತೊಂದರೆ ಅನ್ನೋದು ಮುಖ್ಯ. ರೋಬಸ್ಟಾ ಕಾಫಿ ಕೊಯ್ಲಿನಲ್ಲಿ ದಿನವಿಡೀ ಇಳಿಜಾರಲ್ಲಿ ನಿಂತು ಹಣ್ಣು ಕಿತ್ತ ಅಕ್ಕನಿಗೆ ವಾರಗಟ್ಟಲೆ ರಾತ್ರಿ ನಿದ್ದೆಯಿಲ್ಲ ಅಂದುಕೊಳ್ಳಿ. ಕಾಟ ತಡೆಯಲಾಗದೆ ಇದ್ದಾಗಲೇ ತಾನೆ ಅವರು ಮೆಡಿಕಲ್‌ಗೆ ಹೋಗುವುದು? ಅಲ್ಲಿಂದ ಮುಂದೆ ಹೇಗೂ ಇಳಿಮುಖ. ಅಷ್ಟರಲ್ಲಿ ಕೊಯ್ಲೂ ಮುಗಿಯುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. ಪರೀಕ್ಷೆಯಲ್ಲಿ ‘ಮೊದಲು–ನಂತರ’ ಅಂಕಿ ಕೊಟ್ಟರೆ ಮರುಳಾಗಬೇಡಿ. ಮೊದಲು ಹುಸಿ ಮಾತ್ರೆಯ ಸಾಲಿಗೆ ಬೆರಳಿಡಿ.

ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆ ಹೇಳುವುದೂ ಇದನ್ನೇ: ವಯಸ್ಸಾದವರಲ್ಲಿ ಹೇಳಿಕೊಳ್ಳುವಂಥ ಉಪಯೋಗವಾಗುವ ಸಂಭವ ಕಡಿಮೆ. ಗರ್ಭಿಣಿಯರ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಲೇಬಲ್ ಲೆಕ್ಕ: ಆಕ್ಸೈಡಿನ ತೂಕದಲ್ಲಿ ಸುಮಾರು 60% ಮೆಗ್ನೀಸಿಯಂ. 500 ಮಿ.ಗ್ರಾಂ. ಆಕ್ಸೈಡ್ ಅಂದರೆ 300 ಮಿ.ಗ್ರಾಂ. ಮೆಗ್ನೀಸಿಯಂ. ಮೆಗ್ನೀಸಿಯಂ ಮಾತ್ರೆಯ ಇನ್ನೊಂದು ರೂಪವಾದ ಗ್ಲೈಸಿನೇಟಿನಲ್ಲಿ ಸುಮಾರು 14% ಅಷ್ಟೇ. ಆಕ್ಸೈಡ್ ದೇಹಕ್ಕೆ ಹತ್ತುವುದು ಕಡಿಮೆ, ಹೊಟ್ಟೆ ಕೆಡಿಸುವುದು ಜಾಸ್ತಿ.

ಮೂತ್ರಪಿಂಡ ಸೋತವರಿಗೆ ವೈದ್ಯರನ್ನು ಕೇಳದೆ ಬೇಡವೇ ಬೇಡ, ರಕ್ತದಲ್ಲಿ ಮೆಗ್ನೀಸಿಯಂ ಏರಿ ಅಪಾಯವಾಗಬಹುದು. ಥೈರಾಯ್ಡ್ ಮಾತ್ರೆಯ ಜೊತೆಗೂ ಒಟ್ಟಿಗೆ ನುಂಗಬಾರದು, ನಡುವೆ 4 ಗಂಟೆ ಅಂತರ ಇರಲಿ. ಸೆಳೆತಕ್ಕೆ ಮಲೇರಿಯಾ ಮದ್ದಾದ ಕ್ವಿನೈನ್ ಕೊಡುತ್ತಿದ್ದ ಕಾಲವೂ ಒಂದಿತ್ತು. ರಕ್ತಕಣಗಳಿಗೂ ಹೃದಯದ ಲಯಕ್ಕೂ ಅಪಾಯ ಅಂತ ಸೆಳೆತಕ್ಕೆ ಅದನ್ನು ಬಳಸದಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ.

ಸೆಳೆತ ಬಂದ ಹೊತ್ತಿಗೆ ಮಂಡಿ ನೇರ ಮಾಡಿ ಪಾದದ ಬೆರಳನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಮಲಗುವ ಮುನ್ನ ಮೀನಖಂಡವನ್ನೂ ತೊಡೆಯ ಹಿಂಭಾಗವನ್ನೂ ಚಾಚಿ ಸಡಿಲಿಸುವುದರಿಂದ 55 ದಾಟಿದವರಲ್ಲಿ ಸೆಳೆತ ಕಡಿಮೆಯಾದದ್ದು 2012ರ ಒಂದು ಸಣ್ಣ ಅಧ್ಯಯನದಲ್ಲಿದೆ. ಖರ್ಚಿಲ್ಲ, ಹಾಗಾಗಿ ನಾನಾದರೆ ಮೊದಲು ಇದನ್ನೇ ಹೇಳಿಕೊಡುತ್ತೇನೆ. ಜೊತೆಗೆ ಅವರು ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ ಎಲ್ಲ ತರಿಸಿ ನೋಡಿ. ಬಿಪಿಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಯಿಂದಲೂ ಸೆಳೆತ ಬರಬಹುದು. ಇದ್ದರೆ ನಾವೇ ನಿಲ್ಲಿಸುವಂತಿಲ್ಲ, ವೈದ್ಯರ ಗಮನಕ್ಕೆ ತರಬೇಕು.