ಕಿಯಾರೊಸ್ಕೂರೊ ಅಂದರೆ ಬರೀ ಕಪ್ಪಲ್ಲ

ಕಟ್ಟಡಗಳ ಚಿತ್ರದಲ್ಲಿ ಕಪ್ಪು ಸ್ವಲ್ಪ ಜಾಸ್ತಿಯಾದರೆ ಸಾಕು, ಯಾರಾದರೂ ‘ಎಂಥಾ ಕಿಯಾರೊಸ್ಕೂರೊ!’ ಅಂದುಬಿಡುತ್ತಾರೆ. ರಾತ್ರಿ, ಮಳೆ, ಒಂದು ಬೀದಿದೀಪ. ಅಷ್ಟಕ್ಕೇ ಆ ಹೆಸರು ಸಲ್ಲುವುದಿಲ್ಲ.

ಇಟಾಲಿಯನ್ನಿನಲ್ಲಿ ‘ಕಿಯಾರೊ’ ಎಂದರೆ ತಿಳಿ, ‘ಸ್ಕೂರೊ’ ಎಂದರೆ ಗಾಢ. (‘ಚಿಯಾರೊ’ ಅಲ್ಲ, ದಯವಿಟ್ಟು.) ಬೆಳಕಿನಿಂದ ಕತ್ತಲಿಗೆ ಹಂತಹಂತವಾಗಿ ಇಳಿಯುತ್ತಾ ಚಪ್ಪಟೆ ಹಾಳೆಯ ಮೇಲೆ ವಸ್ತುವಿಗೆ ಮೈ ತುಂಬಿಸುವುದು ಕಿಯಾರೊಸ್ಕೂರೊದ ಕೆಲಸ. ಚಿತ್ರದ ಬಹುಪಾಲನ್ನು ಕತ್ತಲಲ್ಲಿ ಮುಳುಗಿಸಿ, ಒಂದೆರಡು ಕಡೆ ಮಾತ್ರ ಬೆಳಕು ಬೀಳಿಸುವುದಕ್ಕೆ ಬೇರೆ ಹೆಸರೇ ಇದೆ: ಟೆನೆಬ್ರಿಸಂ. ಇಟಲಿಯ ಚಿತ್ರಕಾರ ಕರವಾಜ್ಜೊ ಹೆಸರಾಗಿದ್ದು ಅದಕ್ಕೆ.

ಕಟ್ಟಡಗಳ ವಿಷಯದಲ್ಲಿ ಗೊಂದಲ ಇನ್ನೂ ಜಾಸ್ತಿ. ಮುಖದ ಮೇಲೆ ಬೆಳಕು ನಿಧಾನವಾಗಿ ಕಂದುತ್ತದೆ. ಗೋಡೆಯ ಮೂಲೆಯಲ್ಲಿ ಥಟ್ಟನೆ ಮುಗಿದೇ ಹೋಗುತ್ತದೆ. ಹಾಗಂತ ಬಿಸಿಲಿಲ್ಲದ ಗೋಡೆಗೆಲ್ಲಾ ಸುಮ್ನೆ ಕಪ್ಪು ಬಳಿದರೆ ಕಟ್ಟಡ ಸತ್ತಂತೆಯೇ. ನೆರಳಿನಲ್ಲಿ ಎರಡು ಬಗೆ, ನಾವು ಎರಡಕ್ಕೂ ನೆರಳು ಅಂತಲೇ ಅನ್ನುತ್ತೇವೆ. ಆದರೆ ಬಿಸಿಲಿಗೆ ಬೆನ್ನು ಹಾಕಿದ ಗೋಡೆ ಬೇರೆ, ಬಿಸಿಲು ಬಿದ್ದ ಗೋಡೆಯ ಮೇಲೆ ಬಾಲ್ಕನಿ ಬೀಳಿಸುವ ನೆರಳು ಬೇರೆ. ಮೊದಲನೆಯದಕ್ಕೆ ರಸ್ತೆಯಿಂದ, ಎದುರು ಕಟ್ಟಡದಿಂದ ಬೆಳಕು ಪುಟಿದು ಬರುತ್ತದೆ, ಹಾಗಾಗಿ ಸಾಮಾನ್ಯವಾಗಿ ಕೊಂಚ ತಿಳಿ. ಎರಡನೆಯದರ ಅಂಚು ಚೂಪು, ಛಾಯೆ ಗಾಢ.

ಹಳೆಯ ಕಾಲದ ವಾಸ್ತುಶಿಲ್ಪಿಗಳು ಇದಕ್ಕೊಂದು ಲೆಕ್ಕ ಇಟ್ಟುಕೊಂಡಿದ್ದರು. ಬೆಳಕು ಎಡಗಡೆ ಮೇಲಿನಿಂದ, ಹಾಳೆಯ ಮೇಲೆ 45 ಡಿಗ್ರಿ ಓರೆಯಾಗಿ ಬರಬೇಕು. ಆಗ ಬಾಲ್ಕನಿ ಗೋಡೆಯಿಂದ 1 ಮೀಟರ್ ಚಾಚಿದ್ದರೆ ನೆರಳೂ 1 ಮೀಟರ್ ಕೆಳಗಿಳಿಯುತ್ತದೆ. ಮುಂಭಾಗದ ನಕ್ಷೆಯಲ್ಲೇ ಆಳ ಓದಬಹುದು. ಇಲ್ಲಿ ಮೂಡ್ ಗೀಡ್ ಏನೂ ಇಲ್ಲ.

ಮೂಡ್ ಬೇಕಾದರೆ ಕಟ್ಟಡಗಳ ಚಿತ್ರ ಬಿಡಿಸುತ್ತಿದ್ದ ಅಮೆರಿಕದ ಹ್ಯೂ ಫೆರಿಸ್ ಚಿತ್ರಗಳನ್ನು ನೋಡಿ. ಎತ್ತರದ ಕಟ್ಟಡಗಳು ಮೇಲೇರುತ್ತಾ ಬೀದಿಯಿಂದ ಹಿಂದೆ ಸರಿಯಬೇಕು ಅಂತ ನ್ಯೂಯಾರ್ಕ್ 1916ರಲ್ಲಿ ಕಾನೂನು ತಂದಿತು, ಕೆಳಗೆ ಗಾಳಿ-ಬೆಳಕು ಸಿಗಲಿ ಎಂದು. ಆ ಕಾನೂನಿನಿಂದ ಎಂಥ ಆಕಾರ ಹುಟ್ಟುತ್ತದೆ ಅನ್ನುವುದನ್ನು ಫೆರಿಸ್ 1922ರಲ್ಲಿ ಬಿಡಿಸಿ ತೋರಿಸಿದರು. ಮೊದಲ ಹಂತದಲ್ಲಿ ಕಿಟಕಿಯಿಲ್ಲ, ಅಲಂಕಾರವಿಲ್ಲ, ಬೆಟ್ಟದಂಥ ಮೈ ಅಷ್ಟೇ. ಕಪ್ಪು ಅಲ್ಲಿ ಬೇಕಾದಷ್ಟಿದೆ. ಆದರೆ ಕಟ್ಟಡದ ಒಂದು ಬದಿಯ ಬೂದು ಇನ್ನೊಂದಕ್ಕಿಲ್ಲ, ಅದಕ್ಕೇ ಕಟ್ಟಡಕ್ಕೆ ಆ ಭಾರ ಬಂದಿರುವುದು. ಅದನ್ನು ಕಿಯಾರೊಸ್ಕೂರೊ ಅನ್ನಿ, ತಕರಾರಿಲ್ಲ. ಬರೀ ಕಪ್ಪು-ಬಿಳುಪು ಎದ್ದು ಕಾಣುವ ಚಿತ್ರಕ್ಕೆ ‘ಕಾಂಟ್ರಾಸ್ಟ್ ಜಾಸ್ತಿ’ ಅಂದರೆ ಸಾಕಲ್ವಾ?