ತುದಿಯಲ್ಲಿ ಬಣ್ಣ ಯಾಕೆ ನಿಲ್ಲುವುದಿಲ್ಲ: ಹೇರ್ ಕಲರ್ ಪಾಠದ ಟಿಪ್ಪಣಿ

ಬ್ಯೂಟಿಷಿಯನ್ ಕೋರ್ಸ್‌ನಲ್ಲಿ ಹೇರ್ ಕಲರ್ ಪಾಠ ಮುಗಿದು ಎರಡು ವಾರ ಆಯಿತು. ಸೆಕ್ಷನ್ ತೆಗೆಯುವುದು, ಬ್ರಷ್ ಹಿಡಿಯುವುದು, ಶೇಡ್ ನಂಬರ್ ಓದುವುದು ಇವೆಲ್ಲ ಬೇಗ ಕೈಗೆ ಬಂತು. ಅದನ್ನೆಲ್ಲ ಇಲ್ಲಿ ಬರೆಯುತ್ತಿಲ್ಲ. ನನ್ನ ತಲೆಗೆ ಹತ್ತದೆ ಉಳಿದದ್ದು ಒಂದೇ ವಿಷಯ. ವರ್ಷಗಟ್ಟಲೆ ಡೈ ಮಾಡಿದ ಕೂದಲು ಒಂದು ಹಂತ ದಾಟಿದ ಮೇಲೆ ಬಣ್ಣವನ್ನೇ ಹಿಡಿದುಕೊಳ್ಳುವುದಿಲ್ಲ. ಹಚ್ಚಿದ ದಿನ ಒಳ್ಳೇ ಕಪ್ಪಗೆ ಕಾಣುತ್ತದೆ. ನಾಲ್ಕು ಸಲ ತಲೆಗೆ ನೀರು ಬಿದ್ದರೆ ತುದಿಯೆಲ್ಲ ತಾಮ್ರದ ಬಣ್ಣ.

ನನ್ನ ಚಿಕ್ಕಮ್ಮನ ಕೂದಲು ಸರಿಯಾಗಿ ಹೀಗೇ. ಪ್ರತಿ ತಿಂಗಳು ಅವರಿಗೆ ಡೈ ಹಚ್ಚುವುದು ನಾನೇ. "ಈ ಡೈ ಸರಿ ಇಲ್ಲ ಕಣೇ, ಬೇರೆ ಕಂಪನಿದು ತಗೊಂಡು ಬಾ" ಅಂತ ಅವರು ಹೇಳುತ್ತಲೇ ಇದ್ದರು. ನಾನು ಮೂರು ಸಲ ಕಂಪನಿ ಬದಲಿಸಿದೆ. ಒಂದು ಸಲ 20 ವಾಲ್ಯೂಮ್ ಡೆವಲಪರ್ (ಡೈ ಕ್ರೀಮಿಗೆ ಕಲಸುವ ಪೆರಾಕ್ಸೈಡ್ ದ್ರಾವಣ, ವಾಲ್ಯೂಮ್ ಅಂದರೆ ಅದರ ಜೋರು) ಬಿಟ್ಟು 30 ಹಾಕಿದೆ, ಜೋರಾಗಿದ್ದರೆ ಬಣ್ಣ ಗಟ್ಟಿಯಾಗಿ ಕೂರುತ್ತದೆ ಅಂದುಕೊಂಡು. ಆ ಸಲ ಬಣ್ಣ ಇನ್ನೂ ಬೇಗ ಹೋಯಿತು. ಪಾಠ ಕೇಳಿದ ಮೇಲೆ ಕಾರಣ ಗೊತ್ತಾಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಕೂದಲಿನ ಕಟ್ಟು, ಬೇಗ ಬೇಗ

ಹೊರಗೆ ಕ್ಯೂಟಿಕಲ್, ಒಳಗೆ ಕಾರ್ಟೆಕ್ಸ್. ಕ್ಯೂಟಿಕಲ್ ಅಂದರೆ ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಹೊದಿಸಿದ ಚಪ್ಪಟೆ ಚಕ್ಕೆಗಳು. ಇವು ಸುಮಾರು 5ರಿಂದ 10 ಪದರ ಇರುತ್ತವೆ, ಚಕ್ಕೆಗಳ ಬಾಯಿ ತುದಿಯ ಕಡೆಗೆ. ಅದಕ್ಕೇ ಬುಡದಿಂದ ತುದಿಗೆ ಬೆರಳು ಎಳೆದರೆ ನುಣುಪು, ತುದಿಯಿಂದ ಬುಡಕ್ಕೆ ಎಳೆದರೆ ತರಿತರಿ. ಕೂದಲಿನ ಹೆಚ್ಚಿನ ಭಾಗ ಕಾರ್ಟೆಕ್ಸೇ. ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳೂ, ಹುಟ್ಟುಬಣ್ಣ ಕೊಡುವ ಮೆಲನಿನ್ ಕಣಗಳೂ ಅಲ್ಲೇ ಇರುವುದು. ಪರ್ಮನೆಂಟ್ ಡೈ ಕೆಲಸ ಮಾಡುವುದೂ ಅಲ್ಲೇ.

ಬಣ್ಣ ಅಂಟುವುದಿಲ್ಲ, ಸಿಕ್ಕಿಹಾಕಿಕೊಳ್ಳುತ್ತದೆ

ನಾನು ಎಡವಿದ್ದು ಇಲ್ಲೇ. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಡೈ ಅಂದರೆ ಗೋಡೆಗೆ ಸುಣ್ಣ ಬಳಿದ ಹಾಗೆ, ಮೇಲೆ ಅಂಟಿಕೊಳ್ಳುತ್ತದೆ ಅಂತಲೇ ನನ್ನ ತಲೆಯಲ್ಲಿತ್ತು. ಹಾಗಿದ್ದರೆ ಒರಟಾದ, ಹಾಳಾದ ಕೂದಲಿಗೆ ಬಣ್ಣ ಇನ್ನೂ ಚೆನ್ನಾಗಿ ಹಿಡಿಯಬೇಕು ಅಲ್ವಾ? ನುಣುಪು ಗೋಡೆಗಿಂತ ತರಿ ಗೋಡೆ ಸುಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ನಡೆಯುವುದು ಹಾಗಲ್ಲ.

ಡಬ್ಬಿಯಲ್ಲಿರುವ ಕ್ರೀಮಿನಲ್ಲಿ ಸಿದ್ಧವಾದ ಕಪ್ಪು ಬಣ್ಣ ಇರುವುದೇ ಇಲ್ಲ. ಇರುವುದು ಬಣ್ಣವಿಲ್ಲದ ಸಣ್ಣ ಸಣ್ಣ ಅಣುಗಳು. ಪಿಪಿಡಿ, ಅಂದರೆ ಪ್ಯಾರಾ ಫಿನೈಲಿನ್ ಡಯಮೈನ್, ಅದರಲ್ಲಿ ಮುಖ್ಯವಾದದ್ದು. ಅದರ ಜೊತೆಗೆ ರಿಸಾರ್ಸಿನಾಲ್‌ನಂಥ ಜೊತೆಗಾರ ಅಣುಗಳು, ಇವನ್ನು ಕಪ್ಲರ್ ಅನ್ನುತ್ತಾರೆ. ಕ್ರೀಮಿನಲ್ಲಿರುವ ಅಮೋನಿಯಾ ಒಂದು ಕ್ಷಾರ, ಅದು ಮಿಶ್ರಣದ ಪಿಎಚ್ ಅನ್ನು, ಅಂದರೆ ಕ್ಷಾರದ ಮಟ್ಟವನ್ನು, 9-10ರ ಆಸುಪಾಸಿಗೆ ಏರಿಸುತ್ತದೆ. ಆಗ ಕೂದಲು ಉಬ್ಬಿ ಹೆಂಚುಗಳು ಮೇಲೇಳುತ್ತವೆ. ಆ ಸಂದಿಯಲ್ಲಿ ಸಣ್ಣ ಅಣುಗಳು ಒಳಗೆ ನುಸುಳುತ್ತವೆ. ಒಳಗೆ ಹೋದ ಮೇಲೆ ಡೆವಲಪರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಅವುಗಳನ್ನು ಒಂದಕ್ಕೊಂದು ಜೋಡಿಸಿ ದೊಡ್ಡ ಅಣು ಮಾಡುತ್ತದೆ. ಬಣ್ಣ ಬರುವುದು ಆ ದೊಡ್ಡ ಅಣುವಿಗೆ. 30-40 ನಿಮಿಷ ಕಾಯುವುದು ಇದಕ್ಕೇ.

ಮಂಚದ ಲೆಕ್ಕದಲ್ಲಿ ಯೋಚಿಸಿದಾಗ ನನಗೆ ಇದು ಸ್ಪಷ್ಟವಾಯಿತು. ಹಳೇ ಮನೆಗಳಲ್ಲಿ ದೊಡ್ಡ ಮಂಚವನ್ನು ಕಾಲು ಬೇರೆ, ಹಲಗೆ ಬೇರೆ ಒಳಗೆ ಒಯ್ದು ಕೋಣೆಯಲ್ಲೇ ಜೋಡಿಸುತ್ತಿದ್ದರು. ಜೋಡಿಸಿದ ಮೇಲೆ ಅದು ಬಾಗಿಲಲ್ಲಿ ಹೊರಗೆ ಬರುವುದಿಲ್ಲ. ನೆಲಕ್ಕೆ ಮೊಳೆ ಹೊಡೆದಿರುತ್ತಾರೆ ಅಂತಲ್ಲ, ಬಾಗಿಲು ಚಿಕ್ಕದು, ಅಷ್ಟೇ. ಡೈ ಕೂಡ ಹೀಗೆಯೇ. ಕೆರಾಟಿನ್‌ಗೂ ಅದಕ್ಕೂ ಸ್ವಲ್ಪ ಸೆಳೆತ ಇದೆ, ಆದರೆ ಗಟ್ಟಿ ಬಂಧ ಇಲ್ಲ. ಅದು ಒಳಗೆ ಉಳಿಯುವುದು ಮುಖ್ಯವಾಗಿ ಗಾತ್ರದಿಂದ. ಬಾಗಿಲೂ ಗೋಡೆಯೂ ಸರಿ ಇರುವ ತನಕ ಮಾತ್ರ.

ಈಗ ಹಾಳಾದ ಕೂದಲು ನೋಡಿ. ಹೆಂಚು ಅಲ್ಲಲ್ಲಿ ಉದುರಿದೆ, ಒಳಗೆ ತೂತುಗಳಾಗಿವೆ. ಬಿಡಿ ಭಾಗಗಳು ಸರಾಗವಾಗಿ ಒಳಗೆ ಹೋಗುತ್ತವೆ, ಅದಕ್ಕೇ ಮೊದಲ ದಿನ ತುದಿ ಬುಡಕ್ಕಿಂತ ಕಪ್ಪಗೆ ಕಾಣುತ್ತದೆ. ಅದೇ ದಾರಿಯಲ್ಲಿ ಜೋಡಿಸಿದ ಮಂಚವೂ ಹೊರಗೆ ಬರುತ್ತದೆ. ಒಳಗೆ ಹೋಗುವುದು ಬೇರೆ, ಒಳಗೆ ಉಳಿಯುವುದು ಬೇರೆ. ನಾನು ಇವೆರಡನ್ನೂ ಒಂದೇ ಅಂದುಕೊಂಡಿದ್ದೆ. ಮೇಡಂ ಕ್ಲಾಸಲ್ಲಿ ಇದನ್ನೇ ಒಂದು ಸಾಲಲ್ಲಿ ಹೇಳಿದ್ದರು, "ಬೇಗ ಕುಡಿಯೋ ಕೂದಲು ಬೇಗ ಕಕ್ಕುತ್ತೆ" ಅಂತ. ಬರೆದುಕೊಂಡಿದ್ದೆ, ಆದರೆ ಆಗ ಅರ್ಥ ಆಗಿರಲಿಲ್ಲ.

ನಂಬಿಕೆ ಬರಲಿ ಅಂತ ಮನೆಯಲ್ಲಿ ಒಂದು ಪ್ರಯೋಗ ಮಾಡಿದೆ. ಚಿಕ್ಕಮ್ಮನ ಕೂದಲಲ್ಲಿ ಬುಡದ ಹತ್ತಿರದ್ದು ಒಂದು ಸಣ್ಣ ಗೊಂಚಲು, ತುದಿಯದ್ದು ಒಂದು ಗೊಂಚಲು ಕತ್ತರಿಸಿದೆ. ಎರಡಕ್ಕೂ ಒಂದೇ ಬಟ್ಟಲಿನ ಡೈ, ಒಂದೇ 35 ನಿಮಿಷ. ತೊಳೆದ ನೀರು ತಿಳಿಯಾಗುವ ತನಕ ತೊಳೆದು ಒಣಗಿಸಿದೆ. ಮಾರನೇ ದಿನ ಎರಡು ಗಾಜಿನ ಲೋಟದಲ್ಲಿ ಬಿಸಿನೀರು, ಒಂದೊಂದು ತೊಟ್ಟು ಶಾಂಪೂ ಹಾಕಿ ನೆನೆಸಿದೆ. ಅರ್ಧ ಗಂಟೆಯಲ್ಲಿ ತುದಿ ಗೊಂಚಲಿನ ನೀರು ತಿಳಿ ಟೀ ಬಣ್ಣಕ್ಕೆ ಬಂತು. ಬುಡದ ಗೊಂಚಲಿನ ನೀರು ಹೆಚ್ಚುಕಡಿಮೆ ಹಾಗೇ ಇತ್ತು. ಅದೇ ಡೈ, ಅದೇ ತಲೆ! ಕಂಪನಿ ಬದಲಿಸಿ ಏನು ಪ್ರಯೋಜನ.

ತುದಿ ಎಷ್ಟು ಹಳೆಯದು ಅಂತ ಲೆಕ್ಕ ಹಾಕಿ

ಕೂದಲು ತಿಂಗಳಿಗೆ ಸುಮಾರು 1.2 ಸೆಂಟಿಮೀಟರ್ ಬೆಳೆಯುತ್ತದೆ. ಚಿಕ್ಕಮ್ಮನ ಕೂದಲು 36 ಸೆಂಟಿಮೀಟರ್. 36 ಭಾಗಿಸು 1.2, ಅಂದರೆ 30 ತಿಂಗಳು. ಅವರ ತುದಿ ತಲೆಯಿಂದ ಹೊರಬಂದು ಎರಡೂವರೆ ವರ್ಷ ಆಗಿದೆ. ನಾನು ತಿಂಗಳಿಗೊಮ್ಮೆ ಬುಡದಿಂದ ತುದಿಯ ತನಕ ಪೂರ್ತಿ ಹಚ್ಚುತ್ತಿದ್ದೆ. ಹಾಗಾದರೆ ಆ ತುದಿ 30 ಸಲ ಅಮೋನಿಯಾ, ಪೆರಾಕ್ಸೈಡ್ ಕುಡಿದಿದೆ. ಬುಡ ಕುಡಿದದ್ದು ಒಂದೇ ಸಲ. ಮಧ್ಯದಲ್ಲಿ ಒಂದು ಸಲ ಪಾರ್ಲರ್‌ನಲ್ಲಿ ಸ್ಟ್ರೈಟ್ನಿಂಗ್ ಬೇರೆ ಮಾಡಿಸಿದ್ದರು.

ಪ್ರತಿ ಸಲ ಏನು ಹಾಳಾಗುತ್ತದೆ? ಮೊದಲು ಹೋಗುವುದು ಹೆಂಚಿನ ಮೇಲಿನ ಜಿಡ್ಡಿನ ಪದರ. 18-ಎಂಇಎ ಅಂತ ಅದರ ಹೆಸರು, ಪರೀಕ್ಷೆಗೆ ಇಷ್ಟು ನೆನಪಿದ್ದರೆ ಸಾಕು. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುತ್ತದಲ್ಲ, ಒಳ್ಳೆಯ ಕೂದಲು ಆ ಥರ ನೀರನ್ನು ದೂರ ಇಡುವುದು ಈ ಪದರದಿಂದ. ಕ್ಷಾರವೂ ಪೆರಾಕ್ಸೈಡೂ ಸೇರಿದರೆ ಇದು ಮೊದಲ ಡೈಗೇ ಬಹುಪಾಲು ಹೋಗುತ್ತದೆ. ಹೊರಬಂದ ಕೂದಲು ಸತ್ತ ವಸ್ತು, ಹೋದದ್ದು ಮತ್ತೆ ಬೆಳೆಯುವುದಿಲ್ಲ. ಕಂಡೀಷನರ್ ಸ್ವಲ್ಪ ದಿನ ಆ ಜಾಗ ತುಂಬುತ್ತದೆ ಅಷ್ಟೇ. ಆಮೇಲೆ ಕೆರಾಟಿನ್ ಎಳೆಗಳನ್ನು ಬಿಗಿಯುವ ಗಂಧಕದ ಬಂಧಗಳನ್ನು ಪೆರಾಕ್ಸೈಡ್ ಒಡೆಯುತ್ತದೆ. ಒಡೆದ ಜಾಗದಲ್ಲಿ ಸಿಸ್ಟೀಯಿಕ್ ಆಮ್ಲ ಆಗುತ್ತದೆ, ಅದಕ್ಕೆ ನೀರೆಂದರೆ ಇಷ್ಟ. ಒಳ್ಳೆಯ ಕೂದಲೇ ತನ್ನ ತೂಕದ ಸುಮಾರು 30% ನೀರು ಹೀರುತ್ತದೆ, ಹಾಳಾದದ್ದು ಇನ್ನೂ ಜಾಸ್ತಿ. ನೀರು ಕುಡಿದು ಉಬ್ಬಿದಾಗಲೆಲ್ಲ ಬಣ್ಣ ಹೊರಗೆ ಬರಲು ದಾರಿ. ಶಾಂಪೂ ಒಂದನ್ನೇ ಬೈಯುವುದು ತಪ್ಪು, ಬರೀ ನೀರೂ ಬಣ್ಣ ತೆಗೆಯುತ್ತದೆ.

ವಾಲ್ಯೂಮ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 20 ವಾಲ್ಯೂಮ್ ಅಂದರೆ 6% ಪೆರಾಕ್ಸೈಡ್, 30 ಅಂದರೆ 9%, 40 ಅಂದರೆ 12%. ಒಂದು ಲೀಟರ್ ದ್ರಾವಣ ಎಷ್ಟು ಲೀಟರ್ ಆಮ್ಲಜನಕ ಬಿಡುತ್ತದೆ ಅನ್ನುವುದೇ ಆ ಸಂಖ್ಯೆ. ಬಿಳಿಕೂದಲು ಮುಚ್ಚಲು 20 ಸಾಕು. 30 ಹಾಕಿದರೆ ಬಣ್ಣ ಗಟ್ಟಿಯಾಗುವುದಿಲ್ಲ, ಮೆಲನಿನ್ ಇನ್ನಷ್ಟು ಕರಗುತ್ತದೆ, ಗೋಡೆ ಇನ್ನಷ್ಟು ಬೀಳುತ್ತದೆ. ಅಮೋನಿಯಾ ಇಲ್ಲ ಅಂತ ಬರೆದಿರುವ ಡೈಗಳಲ್ಲಿ ಸಾಮಾನ್ಯವಾಗಿ ಮೋನೋಎಥನಾಲಮೈನ್ ಇರುತ್ತದೆ. ಅಷ್ಟಾಗಿ ವಾಸನೆ ಬರುವುದಿಲ್ಲ, ಆದರೆ ಅದೂ ಕ್ಷಾರವೇ.

ತಾಮ್ರದ ಬಣ್ಣ ಎಲ್ಲಿಂದ ಬಂತು

ಇದನ್ನು ನಮ್ಮ ಬ್ಯಾಚ್‌ನಲ್ಲಿ ಎಲ್ಲರೂ ಕೇಳಿದರು. ಕಪ್ಪು ಡೈಯೇ ಕೆಂಪಾಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ಡೈ ಹಚ್ಚುವಾಗ ಪೆರಾಕ್ಸೈಡ್ ಹೊಸ ಬಣ್ಣ ಕಟ್ಟುವುದರ ಜೊತೆಗೆ ಒಳಗಿನ ಹುಟ್ಟುಬಣ್ಣವನ್ನೂ ಸ್ವಲ್ಪ ತಿಳಿ ಮಾಡಿರುತ್ತದೆ. ಕಪ್ಪು ಮೆಲನಿನ್ ತಿಳಿಯಾದರೆ ಉಳಿಯುವುದು ಕೆಂಪು, ಕಿತ್ತಳೆ ಛಾಯೆ. ಮೇಲಿನ ಡೈ ಹೋದ ಮೇಲೆ ಅದು ಬಯಲಾಗುತ್ತದೆ. ಮೊದಲೇ ಪೂರ್ತಿ ಬಿಳಿಯಾಗಿದ್ದ ಎಳೆಗಳಲ್ಲಿ ಮೆಲನಿನ್ ಇಲ್ಲವಲ್ಲ, ಅವು ಮಾಸಲು ಬಿಳಿಗೆ ಮರಳುತ್ತವೆ.

ಬ್ಲೀಚ್ ಮಾಡಿದ ಕೂದಲನ್ನು ಮತ್ತೆ ಕಂದು ಮಾಡುವಾಗಲೂ ಇದೇ ಲೆಕ್ಕ, ತಿರುಗಿಸಿ ನೋಡಬೇಕು. ಅಲ್ಲಿ ಒಳಗಿನ ಕೆಂಪು ಛಾಯೆಯೂ ಇರುವುದಿಲ್ಲ. ನೇರ ಕಂದು ಹಚ್ಚಿದರೆ ಮಂಕು ಹಸಿರು ಬರಬಹುದು, ಬೇಗ ಹೋಗಲೂಬಹುದು. ಮೊದಲು ಕೆಂಪು-ಚಿನ್ನದ ಛಾಯೆ ತುಂಬಿ ಆಮೇಲೆ ಕಂದು ಹಚ್ಚಬೇಕು. ಇದಕ್ಕೆ ಫಿಲ್ಲರ್ ಅನ್ನುತ್ತಾರೆ.

ಕೂದಲದ್ದಲ್ಲ, ನಮ್ಮದೇ ತಪ್ಪು

ಕೆಲವು ಸಲ ಬಣ್ಣ ಒಳಗೆ ಹೋಗಿರುವುದೇ ಇಲ್ಲ. ಕ್ರೀಮೂ ಡೆವಲಪರೂ ಕಲಸಿಟ್ಟು ಫೋನಲ್ಲಿ ಮಾತಾಡಿ ಬಂದರೆ ಅಣುಗಳು ಬಟ್ಟಲಲ್ಲೇ ಜೋಡಿಯಾಗಿಬಿಡುತ್ತವೆ. ಮಂಚವನ್ನು ಅಂಗಳದಲ್ಲೇ ಜೋಡಿಸಿದ ಹಾಗೆ, ಇನ್ನು ಒಳಗೆ ಹೋಗುವುದು ಹೇಗೆ? ಕಲಸಿದ ತಕ್ಷಣ ಹಚ್ಚಬೇಕು. ಹತ್ತು ನಿಮಿಷಕ್ಕೇ ತೊಳೆದರೆ ಇದರ ಉಲ್ಟಾ, ಭಾಗಗಳು ಒಳಗೆ ಹೋದರೂ ಜೋಡಿಯಾಗಿಲ್ಲ. ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಡೆವಲಪರ್‌ನಲ್ಲಿ ಪೆರಾಕ್ಸೈಡ್ ಶಕ್ತಿ ಕಳೆದುಕೊಂಡಿರುತ್ತದೆ. ಲೋಹದ ಬಟ್ಟಲು ಬೇಡ, ಪ್ಲಾಸ್ಟಿಕ್‌ನದೇ ಇರಲಿ. ಹಾಗೇ, ಎಷ್ಟೇ ಹಳೇ ಗಿರಾಕಿಯಾದರೂ 48 ಗಂಟೆ ಮುಂಚೆ ಪ್ಯಾಚ್ ಟೆಸ್ಟ್, ಅಂದರೆ ಚರ್ಮಕ್ಕೆ ಸ್ವಲ್ಪ ಡೈ ಹಚ್ಚಿ ಅಲರ್ಜಿ ನೋಡುವುದು, ಬಿಡಬೇಡಿ. ಪಿಪಿಡಿ ಅಲರ್ಜಿ ವರ್ಷಗಳ ನಂತರವೂ ಶುರುವಾಗಬಹುದು.

ನೀರು, ಬಿಸಿಲು, ಮದರಂಗಿ

ಬೋರ್‌ವೆಲ್ ನೀರು ಗಡಸಾಗಿದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂರುತ್ತದೆ, ಬಣ್ಣ ಮಂಕಾಗಿ ಕಾಣುತ್ತದೆ. ನೀರಲ್ಲಿ ತಾಮ್ರದ ಅಂಶ ಇದ್ದರೆ ಇನ್ನೂ ಕಷ್ಟ. ಅದು ಪೆರಾಕ್ಸೈಡ್ ಜೊತೆ ಸೇರಿ ಡೈ ಮಾಡುವಾಗಲೇ ಕೂದಲನ್ನು ಹೆಚ್ಚು ಸುಡುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಬಣ್ಣದ ಅಣುವನ್ನೇ ಒಡೆಯುತ್ತದೆ. ಹಂಡೆಯ ಕುದಿ ಕುದಿ ನೀರಲ್ಲಿ ಎಣ್ಣೆಸ್ನಾನ ನನಗೂ ಇಷ್ಟ, ಆದರೆ ಡೈ ಮಾಡಿದ ಕೂದಲಿಗೆ ಉಗುರು ಬೆಚ್ಚಗಿನ ನೀರೇ ಸರಿ.

ಮದರಂಗಿ ವಿಷಯ ಬೇರೆ. ಅದರಲ್ಲಿರುವ ಲಾಸೋನ್ ಕೆರಾಟಿನ್ ಜೊತೆ ನಿಜವಾಗಿಯೂ ಬಂಧ ಕಟ್ಟಿಕೊಳ್ಳುತ್ತದೆ. ಇದು ಮೊಳೆ ಹೊಡೆದ ಮಂಚ. ಡೈ ಹೋದರೂ ಮದರಂಗಿಯ ಕೆಂಪು ಉಳಿಯುವುದು ಅದಕ್ಕೇ.

ನಾನು ಈಗ ಮಾಡುವ ಎರಡು ಕೆಲಸ

ಹಚ್ಚುವ ಮುಂಚೆ ಒಣ ಕೂದಲ ಬುಡಕ್ಕೊಂದು, ಮಧ್ಯಕ್ಕೊಂದು, ತುದಿಗೊಂದು ನೀರಿನ ಹನಿ ಬಿಡುತ್ತೇನೆ. ಎಣ್ಣೆ, ಸೀರಮ್ ಏನೂ ಇರಬಾರದು. ಹನಿ ಮುತ್ತಾಗಿ ನಿಂತರೆ ಗೋಡೆ ಸರಿ ಇದೆ. ಬಿಟ್ಟ ತಕ್ಷಣ ಹೀರಿಕೊಂಡರೆ ಆ ಭಾಗಕ್ಕೆ ಪೂರ್ತಿ ಡೈ ಬೇಡ. ಎಳೆಯನ್ನು ಲೋಟದ ನೀರಿಗೆ ಹಾಕಿ ಮುಳುಗುತ್ತದಾ ನೋಡು ಅನ್ನುವ ಪರೀಕ್ಷೆಗಿಂತ ನನಗೆ ಇದೇ ಮೇಲು. ಅಲ್ಲಿ ಗಾಳಿಗುಳ್ಳೆ, ಜಿಡ್ಡು ಎಲ್ಲಾ ಸೇರಿ ಉತ್ತರ ತಪ್ಪುತ್ತದೆ. ಇಲ್ಲಿ ಒಂದೇ ಎಳೆಯ ಮೂರು ಜಾಗ ಹೋಲಿಸುತ್ತೇವೆ, ಬೇಕಾಗಿರುವುದೂ ಆ ಹೋಲಿಕೆಯೇ.

ಇನ್ನೊಂದು, ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಬ್ರಷ್. ತುದಿ ಮಾಸಿದ್ದರೆ ಕೊನೆಯ ಐದು ನಿಮಿಷದಲ್ಲಿ ತಲೆಯ ಮೇಲಿರುವ ಡೈಗೇ ಸ್ವಲ್ಪ ನೀರು ಚಿಮುಕಿಸಿ ಕೈಯಿಂದ ಕೆಳಗೆ ಎಳೆದುಕೊಳ್ಳುತ್ತೇನೆ. ಅದಕ್ಕೂ ನಿಲ್ಲದಿದ್ದರೆ ಪೆರಾಕ್ಸೈಡ್ ಇಲ್ಲದ ಸೆಮಿ-ಪರ್ಮನೆಂಟ್ ಬಣ್ಣ. ಅದು ಕೆಲವೇ ಸ್ನಾನಕ್ಕೆ ಹೋಗುತ್ತದೆ, ಆದರೆ ಹೋಗುವಾಗ ಗೋಡೆ ಕೆಡವುವುದಿಲ್ಲ.

ಚಿಕ್ಕಮ್ಮನಿಗೆ ಎರಡು ಲೋಟವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಜಡೆ ಮುಂದಕ್ಕೆ ಹಾಕಿಕೊಂಡು, "ನಾಲ್ಕು ಬೆರಳು ಕತ್ತರಿಸು, ಅದಕ್ಕಿಂತ ಜಾಸ್ತಿ ಬೇಡ" ಅಂದರು. ಭಾನುವಾರ ಕತ್ತರಿಸುತ್ತೇನೆ. ಡೈ ಬುಡಕ್ಕೆ ಮಾತ್ರ, 20 ವಾಲ್ಯೂಮ್.