ಗಾಳಿ ಬಂದೂಕಿನ ವಾಲ್ವ್: ಒತ್ತಡ ಇಳಿದರೂ ಹೊಡೆತದ ಬಲ ಯಾಕೆ ಕೂಡಲೇ ಇಳಿಯುವುದಿಲ್ಲ?

ಒಂದರ ಹಿಂದೊಂದು ಗುಂಡು ಹಾರಿಸುವ ಗಾಳಿ ಬಂದೂಕುಗಳ ಪೈಕಿ ಮೊದಲು ಓದಬೇಕಾದದ್ದು ಗಿರಾರ್ಡೋನಿ ಎಂಬ ಬಂದೂಕಿನ ಬಗ್ಗೆ. 1780ರಲ್ಲಿ ಆಸ್ಟ್ರಿಯಾದ ಸೈನ್ಯ ಅದನ್ನು ಬಳಕೆಗೆ ತೆಗೆದುಕೊಂಡಿತು. ಬಂದೂಕಿನ ಹಿಂಬದಿಯ, ಭುಜಕ್ಕೆ ಒರಗುವ ಭಾಗವೇ ಗಾಳಿಯ ಟ್ಯಾಂಕು, ತಿರುಗಿಸಿ ಬಿಚ್ಚಬಹುದು. ಕೈಪಂಪಿನಲ್ಲಿ ಸುಮಾರು 1500 ಸಲ ಒತ್ತಿದರೆ ಹತ್ತಿರ ಹತ್ತಿರ 55 ಬಾರ್ ಒತ್ತಡ (ವಾತಾವರಣದ ಒತ್ತಡದ ಸುಮಾರು 55 ಪಟ್ಟು) ತುಂಬುತ್ತಿತ್ತು. ನಳಿಕೆಯ ಪಕ್ಕದ ಕೊಳವೆಯಲ್ಲಿ 20ರಷ್ಟು ಸೀಸದ ಗುಂಡುಗಳು. ಬಂದೂಕಿನ ಮೂತಿ ಮೇಲೆತ್ತಿ, ಅಡ್ಡಲಾಗಿರುವ ಲೋಹದ ತುಂಡನ್ನು ಹೆಬ್ಬೆರಳಿನಿಂದ ಒತ್ತಿದರೆ ಒಂದು ಗುಂಡು ಅದರ ತೂತಿಗೆ ಉರುಳಿ ಬರುತ್ತದೆ. ಕೈ ಬಿಟ್ಟರೆ ಸ್ಪ್ರಿಂಗ್ ಅದನ್ನು ನಳಿಕೆಯ ನೇರಕ್ಕೆ ತಂದು ನಿಲ್ಲಿಸುತ್ತದೆ. ಗುಂಡು ಇಳಿಯುವುದು ಬರೀ ತನ್ನ ತೂಕದಿಂದ, ಹಾಗಾಗಿಯೇ ಮೂತಿ ಎತ್ತಬೇಕು. ಇದು ಪೂರ್ತಿ ಸ್ವಯಂಚಾಲಿತವಲ್ಲ, ಪ್ರತಿ ಗುಂಡಿಗೂ ಕೈ ಆಡಲೇಬೇಕು. ಆದರೂ ಸಾಮಾನ್ಯ ಸೈನಿಕ ಮದ್ದು ತುಂಬಿ, ಗಜದಿಂದ ಜಡಿಯುತ್ತಿದ್ದ ಕಾಲಕ್ಕೆ ಇದು ಅದ್ಭುತ.

ಮುಖ್ಯ ಪ್ರಶ್ನೆ ಈಗ. ಟ್ಯಾಂಕಿನಲ್ಲಿರುವುದು ಇಷ್ಟೇ ಗಾಳಿ. ಪ್ರತಿ ಹೊಡೆತಕ್ಕೂ ಸ್ವಲ್ಪ ಹೋಗುತ್ತದೆ, ಒತ್ತಡ ಇಳಿಯುತ್ತದೆ. ಹಾಗಿದ್ದರೆ ಮೊದಲ ಗುಂಡೇ ಅತಿ ಜೋರಾಗಿ ಹೋಗಿ, ಆಮೇಲಿನವು ಒಂದಕ್ಕಿಂತ ಒಂದು ಸಪ್ಪೆಯಾಗಬೇಕಲ್ಲ? ಬಾಯ್ಲ್ ನಿಯಮ (ತಾಪಮಾನ ಬದಲಾಗದಿದ್ದರೆ ಗಾಳಿ ಹಿಗ್ಗಿದಷ್ಟೂ ಒತ್ತಡ ಇಳಿಯುತ್ತದೆ) ಮಾತ್ರ ಓದಿದವರಿಗೆ ಹಾಗೇ ಅನ್ನಿಸುತ್ತದೆ. ನಿಜವಾಗಿ ಹಾಗಾಗುವುದಿಲ್ಲ. ಕಾರಣ ಟ್ಯಾಂಕಿನಿಂದ ನಳಿಕೆಗೆ ಗಾಳಿ ಬಿಡುವ ವಾಲ್ವ್‌ನಲ್ಲಿದೆ, ಇಲ್ಲಿ ನಿಧಾನವಾಗಿ ಹೋಗೋಣ.

ವಾಲ್ವ್ ಮುಚ್ಚಿರುವುದು ಒಳಗಿನ ಗಾಳಿಯ ಒತ್ತಡದಿಂದಲೇ. ಜೊತೆಗೆ ಒಂದು ಸಣ್ಣ ಸ್ಪ್ರಿಂಗ್. ಲೆಕ್ಕಕ್ಕೆ ವಾಲ್ವ್‌ನ ಮುಖ 1 ಚದರ ಸೆಂಟಿಮೀಟರ್ ಎಂದುಕೊಳ್ಳಿ. 55 ಬಾರ್‌ನಲ್ಲಿ ಅದರ ಮೇಲೆ 550 ನ್ಯೂಟನ್ ಬಲ, ಅಂದರೆ ಸುಮಾರು 56 ಕಿಲೋ ತೂಕ ಕೂತಂತೆ. 40 ಬಾರ್‌ಗೆ ಇಳಿದಾಗ 400 ನ್ಯೂಟನ್. ಟ್ರಿಗರ್ ಒತ್ತಿದಾಗ ಹ್ಯಾಮರ್ (ಸ್ಪ್ರಿಂಗ್‌ನಿಂದ ಚಿಮ್ಮುವ ಸುತ್ತಿಗೆ) ಬಡಿದು ವಾಲ್ವ್ ತೆರೆಯುತ್ತದೆ. ಹ್ಯಾಮರ್‌ನ ಹೊಡೆತ ಪ್ರತಿ ಸಲವೂ ಒಂದೇ, ಏಕೆಂದರೆ ಅದರ ಸ್ಪ್ರಿಂಗ್‌ಗೂ ಟ್ಯಾಂಕಿಗೂ ಸಂಬಂಧವಿಲ್ಲ. ಒಂದೇ ಹೊಡೆತ, ಎದುರು ಬಲ ಮಾತ್ರ ಬೇರೆ.

ಹೊಡೆತ ವಾಲ್ವ್‌ಗೆ ಕೊಟ್ಟ ಸಂವೇಗ p, ಮರಳಿ ತಳ್ಳುವ ಬಲ F ಆದರೆ, ತೆರೆದಿರುವ ಸಮಯ ಸುಮಾರು 2p/F. F ಒತ್ತಡಕ್ಕೆ ಅನುಪಾತದಲ್ಲಿರುವುದರಿಂದ, ಒತ್ತಡ ಕಡಿಮೆಯಾದಷ್ಟೂ ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತದೆ. ಹೊರಗೆ ಹೋಗುವ ಗಾಳಿಯ ಮೊತ್ತ ಒತ್ತಡ × ಸಮಯದ ಹಾಗೆ. ಒಂದು ಇಳಿದಾಗ ಇನ್ನೊಂದು ಏರುತ್ತದೆ, ಗುಣಲಬ್ಧ ಹೆಚ್ಚು ಕದಲುವುದಿಲ್ಲ. ಒಂದು ಹೆಜ್ಜೆ ಮುಂದೆ: ವಾಲ್ವ್ ಎಷ್ಟು ಎತ್ತರಕ್ಕೆ ಏಳುತ್ತದೆ ಎನ್ನುವುದೂ F ಹೆಚ್ಚಿದ್ದಾಗ ಕಡಿಮೆ. ಆದ್ದರಿಂದ ಒತ್ತಡ ತೀರಾ ಜಾಸ್ತಿ ತುಂಬಿದರೆ ವಾಲ್ವ್ ಚೂರು ತೆರೆದು ಟಪ್ಪೆಂದು ಮುಚ್ಚಿಕೊಳ್ಳುತ್ತದೆ, ಮೊದಲ ಗುಂಡುಗಳೇ ನಿಧಾನ! ಆಮೇಲೆ ವೇಗ ಏರಿ, ಸ್ವಲ್ಪ ಹೊತ್ತು ಸಮನಾಗಿ ನಿಂತು, ಕೊನೆಗೆ ಬೀಳುತ್ತದೆ. ವೇಗದ ಗ್ರಾಫ್ ಇಳಿಜಾರಲ್ಲ, ಗುಡ್ಡ. ಬೀಳುವುದೇಕೆ? ಗುಂಡು ನಳಿಕೆ ಬಿಟ್ಟು ಹೋದ ಮೇಲೂ ವಾಲ್ವ್ ತೆರೆದೇ ಇದ್ದರೆ ಆ ಗಾಳಿ ಸುಮ್ಮನೆ ದಂಡ, ಇದ್ದ ಒತ್ತಡವೂ ಸಾಲದು. (ವಾಲ್ವ್ ತೆರೆದ ಕ್ಷಣ ಅದರ ಎರಡೂ ಬದಿಯ ಒತ್ತಡ ಹತ್ತಿರವಾಗುವುದರಿಂದ ನಿಜವಾದ ಲೆಕ್ಕ ಇನ್ನೂ ಗೋಜಲು. ದಿಕ್ಕು ಮಾತ್ರ ಇದೇ.)

ಸ್ವಯಂಚಾಲಿತದ ಬಗ್ಗೆ ಎರಡು ಮಾತು. ಮುಂದಿನ ಗುಂಡು ತುಂಬುವ ಕೆಲಸವನ್ನೂ ಗಾಳಿಯೇ ಮಾಡಬೇಕಾದರೆ ಹೊಡೆತಕ್ಕೆ ಖರ್ಚು ಹೆಚ್ಚು. ಬೇಗ ಬೇಗ ಹೊಡೆದರೆ ಟ್ಯಾಂಕಿನ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಒತ್ತಡ ಬಾಯ್ಲ್ ಹೇಳಿದ್ದಕ್ಕಿಂತ ಕೆಳಗಿಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಒತ್ತಡ ಮಾಪಕದ ಮುಳ್ಳು ತುಸು ಮೇಲೇರಿರುತ್ತದೆ.

ಇಂದಿನ 10 ಮೀಟರ್ ಸ್ಪರ್ಧೆಯ ರೈಫಲ್‌ಗಳು ಗುಡ್ಡದ ಗೋಜಿಗೇ ಹೋಗುವುದಿಲ್ಲ. ಅಲ್ಲಿ ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್, ಪೆಲೆಟ್ (ಸಣ್ಣ ಗುಂಡು) 4.5 ಮಿಲಿಮೀಟರ್. ಪ್ರತಿ ಹೊಡೆತವೂ ಒಂದೇ ವೇಗದಲ್ಲಿರಬೇಕು. ಹಾಗಾಗಿ ಸಿಲಿಂಡರ್‌ಗೆ ಸುಮಾರು 200 ಬಾರ್ ತುಂಬಿ, ನಡುವೆ ರೆಗ್ಯುಲೇಟರ್ ಇಡುತ್ತಾರೆ. ವಾಲ್ವ್‌ಗೆ ಸಿಗುವುದು ಯಾವಾಗಲೂ ಕಡಿಮೆಯ, ಒಂದೇ ಒತ್ತಡ. ಸಿಲಿಂಡರ್‌ನ ಒತ್ತಡ ಆ ಮಟ್ಟಕ್ಕಿಂತ ಕೆಳಗಿಳಿದರೆ ಮಾತ್ರ ರೆಗ್ಯುಲೇಟರ್‌ಗೆ ಕೆಲಸವಿರುವುದಿಲ್ಲ, ಮತ್ತೆ ಮೇಲಿನ ಲೆಕ್ಕವೇ ಶುರು.